ಕಾರಿನ ಸ್ಟೀರಿಯೊ ಆನ್ ಆಗುತ್ತಿಲ್ಲವೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ಬಂದಿವೆ: ಸ್ಟೀರಿಯೊ ಆನ್ ಆಗುವುದಿಲ್ಲ, ದೀಪವೂ ಇಲ್ಲ, ಸದ್ದೂ ಇಲ್ಲ. ಅಂಗಡಿಯಲ್ಲಿ ಕೇಳಿದರೆ ‘ಸೆಟ್ ಹೋಗಿದೆ, ಹೊಸದು ಹಾಕಿಸಿ’ ಎನ್ನುತ್ತಾರಂತೆ. ಸೆಟ್ ನಿಜಕ್ಕೂ ಹೋಗಿರಬಹುದು. ಆದರೆ ಎಲ್ಲ ಪರೀಕ್ಷೆ ಮುಗಿದ ಮೇಲಷ್ಟೇ ಆ ಮಾತು ಹೇಳಬೇಕು. ಸೆಟ್ ಆನ್ ಆಗಲು ಬೇಕಾದ್ದು ಮೂರೇ ವಯರು. ಹಳದಿಗೆ ಬ್ಯಾಟರಿಯಿಂದ ಹಗಲೂ ರಾತ್ರಿ 12 ವೋಲ್ಟ್ ಇರಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರಬೇಕು, ಕಪ್ಪು ವಯರು ಕಾರಿನ ಲೋಹದ ಬಾಡಿಗೆ ಗಟ್ಟಿಯಾಗಿ ಸೇರಿ ಅರ್ತ್ ಆಗಿರಬೇಕು. ಹೊರಗೆ ಕೊಂಡು ಹಾಕಿಸುವ ಬಹುತೇಕ ಸೆಟ್‌ಗಳಲ್ಲಿ ಬಣ್ಣ ಇವೇ. ಕಾರಿನ ಕಂಪನಿ ವಯರಿಂಗ್‌ನಲ್ಲಿ ಬಣ್ಣ ಬೇರೆ ಇರುತ್ತದೆ. ಅಲ್ಲಿ ಬಣ್ಣ ನೋಡಿ ಜೋಡಿಸಬೇಡಿ, ಮೀಟರ್ (ವೋಲ್ಟ್ ಅಳೆಯುವ ಮಲ್ಟಿಮೀಟರ್) ಇಟ್ಟು ಜೋಡಿಸಿ.

ದಾವಣಗೆರೆಯ ಓದುಗರು

ಪ್ರಶ್ನೆ: ಹೋದ ವಾರ ಹೊಸ ಬ್ಯಾಟರಿ ಹಾಕಿಸಿದೆ. ಕೂರಿಸುವಾಗ ಒಂದು ಕಿಡಿ ಹಾರಿತು. ಕಾರು ಸ್ಟಾರ್ಟ್ ಆಗುತ್ತದೆ, ಹೆಡ್‌ಲೈಟ್, ಹಾರ್ನ್ ಸರಿಯಿವೆ. ಸ್ಟೀರಿಯೊ ಮಾತ್ರ ಆನ್ ಆಗುವುದಿಲ್ಲ. ಒಳಗಿನ ಛಾವಣಿ ದೀಪವೂ ಹತ್ತುತ್ತಿಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ, ಅರ್ಧ ಉತ್ತರ ಆ ದೀಪದಲ್ಲೇ ಸಿಕ್ಕಿತು. ಅನೇಕ ಕಾರುಗಳಲ್ಲಿ ಛಾವಣಿ ದೀಪ, ಗಡಿಯಾರ, ಸ್ಟೀರಿಯೊದ ಹಳದಿ ವಯರು ಮೂರಕ್ಕೂ ಒಂದೇ ಫ್ಯೂಸ್. ಕಿಡಿ ಹಾರಿದ ಹೊತ್ತಿಗೆ ಅದು ಹೋಗಿರುವ ಸಾಧ್ಯತೆ ಹೆಚ್ಚು. ಡ್ಯಾಶ್‌ಬೋರ್ಡಿನ ಕೆಳಗೆ ಡ್ರೈವರ್ ಮೊಣಕಾಲಿನ ಹತ್ತಿರ ಒಂದು ಫ್ಯೂಸ್ ಪೆಟ್ಟಿಗೆ, ಬಾನೆಟ್ ಒಳಗೆ ಬ್ಯಾಟರಿ ಪಕ್ಕ ಇನ್ನೊಂದು ಇರುತ್ತದೆ. ಮುಚ್ಚಳದ ಒಳಮೈಯಲ್ಲಿ ಅಚ್ಚಾಗಿರುವ ಪಟ್ಟಿಯಲ್ಲಿ ‘ಡೋಮ್’, ‘ರೂಮ್’, ‘ಬ್ಯಾಕಪ್’ ಅಥವಾ ‘ರೇಡಿಯೊ’ ಎಂಬ ಹೆಸರು ಹುಡುಕಿ. ‘ಎಸಿಸಿ’ ಹೆಸರಿನದನ್ನೂ ಬಿಡಬೇಡಿ, ಕೆಂಪು ವಯರಿಗೆ ಕರೆಂಟ್ ಬರುವುದು ಅಲ್ಲಿಂದ.

ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ ‘ಸರಿಯಿದೆ’ ಎಂದುಬಿಡುವುದು ತುಂಬಾ ಜನ ಮಾಡುವ ತಪ್ಪು. ಕೂದಲೆಳೆಯಷ್ಟು ಬಿರುಕು ಕಣ್ಣಿಗೆ ಕಾಣುವುದಿಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆಗಳಿರುತ್ತವೆ. ಫ್ಯೂಸ್ ಕೀಳದೆ, ಕೀ ಆನ್ ಇಟ್ಟು, ಮೀಟರಿನ ಕಪ್ಪು ಕಡ್ಡಿಯನ್ನು ಬಾಡಿಯ ಬೋಲ್ಟಿಗೆ ಹಿಡಿದು, ಕೆಂಪು ಕಡ್ಡಿಯಿಂದ ಎರಡೂ ಚುಕ್ಕೆ ಮುಟ್ಟಿ. ಎರಡರಲ್ಲೂ 12 ವೋಲ್ಟ್ ಬಂದರೆ ಫ್ಯೂಸ್ ಸರಿ. ಒಂದರಲ್ಲಿ 12, ಇನ್ನೊಂದರಲ್ಲಿ ಸೊನ್ನೆ ಬಂದರೆ ಹೋಗಿದೆ. ಎರಡರಲ್ಲೂ ಸೊನ್ನೆಯಾದರೆ ಫ್ಯೂಸಿನ ತನಕ ಕರೆಂಟೇ ಬರುತ್ತಿಲ್ಲ, ಬಾನೆಟ್ ಒಳಗಿನ ಪೆಟ್ಟಿಗೆ ನೋಡಬೇಕು. ಬದಲಿಸುವಾಗ ಅದೇ ಬಣ್ಣದ್ದನ್ನೇ ಹಾಕಿ: ಕಂದು 7.5 ಆಂಪಿಯರ್, ಕೆಂಪು 10, ನೀಲಿ 15, ಹಳದಿ 20.

ಪೆಟ್ಟಿಗೆಯ ಫ್ಯೂಸುಗಳೆಲ್ಲ ಸರಿಯಿದ್ದರೆ ಸೆಟ್ಟಿನ ಬೆನ್ನಿನಲ್ಲೇ ಇನ್ನೊಂದು ಫ್ಯೂಸ್ ಇದೆ, ಸಾಮಾನ್ಯವಾಗಿ 10 ಅಥವಾ 15 ಆಂಪಿಯರಿನದು. ಅದನ್ನು ನೋಡಲು ಸೆಟ್ ಹೊರಗೆಳೆಯಬೇಕು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ 3 ನಿಮಿಷ ಕಾಯಿರಿ, ಏರ್‌ಬ್ಯಾಗ್ ಇರುವ ಕಾರಿನಲ್ಲಿ ಈ ಕಾಯುವಿಕೆ ತಪ್ಪಿಸಬಾರದು. ಹಳದಿ ಕವಚ ತೊಟ್ಟ ವಯರಿನ ಕಟ್ಟು (ಸೆಟ್ಟಿನ ಹಳದಿ ವಯರಲ್ಲ), ಹಳದಿ ಕಪ್ಲರ್ (ವಯರುಗಳನ್ನು ಒಟ್ಟಿಗೆ ಚುಚ್ಚಿ ಜೋಡಿಸುವ ಪ್ಲಾಸ್ಟಿಕ್ ತುಂಡು) ಕಂಡರೆ ಅವು ಏರ್‌ಬ್ಯಾಗಿನವು, ಅವಕ್ಕೆ ಮೀಟರ್ ಕಡ್ಡಿ ತಾಗಿಸಲೇಬೇಡಿ. ಸೆಟ್ಟಿನ ಸುತ್ತಲಿನ ಚೌಕಟ್ಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ. ಒಳಗೆ ನಾಲ್ಕು ಸ್ಕ್ರೂ ಇರುತ್ತವೆ, ಅಥವಾ ಎರಡೂ ಬದಿಗೆ ತೂರಿಸುವ ಚಪ್ಪಟೆ ಕೀಲಿ ಬೇಕಾಗುತ್ತದೆ.

ಇನ್ನೊಂದು ಮಾತು. ಮೊಬೈಲ್ ಚಾರ್ಜರ್ ಚುಚ್ಚುವ 12 ವೋಲ್ಟ್ ಸಾಕೆಟ್ಟಿಗೂ ಸ್ಟೀರಿಯೊದ ಕೆಂಪು ವಯರಿಗೂ ಕೆಲವು ಕಾರುಗಳಲ್ಲಿ ಒಂದೇ ಫ್ಯೂಸ್. ಸಾಕೆಟ್ಟಿನ ತಳದಲ್ಲಿ ಒಂದು ನಾಣ್ಯವೋ ಅಗ್ಗದ ಚಾರ್ಜರಿನ ಮುರಿದ ತುದಿಯೋ ಬಿದ್ದಿದ್ದರೆ ಹೊಸ ಫ್ಯೂಸ್ ಹಾಕಿದ ಕ್ಷಣವೇ ಮತ್ತೆ ಹೋಗುತ್ತದೆ. ಟಾರ್ಚ್ ಬಿಟ್ಟು ಒಳಗೆ ನೋಡಿ.

ಕುಮಟಾದ ಓದುಗರು

ಪ್ರಶ್ನೆ: ಹಳದಿ, ಕೆಂಪು ಎರಡರಲ್ಲೂ ಮೀಟರ್ 12.4 ತೋರಿಸುತ್ತದೆ. ಫ್ಯೂಸುಗಳೆಲ್ಲ ಸರಿಯಿವೆ. ಆದರೂ ಸೆಟ್ ಆನ್ ಆಗುವುದಿಲ್ಲ. ಹಾಗಾದರೆ ಸೆಟ್ ಹೋಗಿದೆ ಎಂದೇ ಅರ್ಥವೇ?

ಉತ್ತರ: ಅಲ್ಲ. ಡಿಜಿಟಲ್ ಮೀಟರ್ ವಯರಿನಿಂದ ಕರೆಂಟನ್ನೇ ಎಳೆಯುವುದಿಲ್ಲ ಎನ್ನಬೇಕು, ಅದರ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ವಯರಿನ ಎಳೆಗಳೆಲ್ಲ ಕಿಲುಬು ಹಿಡಿದು ಕಡಿದುಹೋಗಿ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರಿಗೆ 12 ವೋಲ್ಟ್ ಕಾಣುತ್ತದೆ. ಸೆಟ್ ಆನ್ ಆಗಲು ಕರೆಂಟ್ ಎಳೆದಾಗ ನಿಜ ಬಯಲಾಗುತ್ತದೆ. ಜೋಡಣೆಯಲ್ಲಿ 10 ಓಮ್ ರೋಧವಿದ್ದು ಸೆಟ್ 1 ಆಂಪಿಯರ್ ಎಳೆದರೆ 10 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ, ಸೆಟ್ಟಿಗೆ ಉಳಿಯುವುದು 2.

ಆದ್ದರಿಂದ ಭಾರ ಹೇರಿ ಪರೀಕ್ಷಿಸಬೇಕು. ಇಂಡಿಕೇಟರಿಗೆ ಹಾಕುವ 21 ವ್ಯಾಟಿನ ಬಲ್ಬು ತಂದು, ಅದಕ್ಕೆ ಎರಡು ತುಂಡು ವಯರು ಬೆಸುಗೆ ಹಾಕಿಕೊಳ್ಳಿ. ಅದು ಸುಮಾರು ಪೌಣೆ ಎರಡು ಆಂಪಿಯರ್ ಎಳೆಯುತ್ತದೆ. ಸೆಟ್ಟಿನ ಕಪ್ಲರ್ ಬಿಚ್ಚಿ, ಕಾರಿನ ಕಡೆಯಿಂದ ಹಳದಿಗೂ ಕಪ್ಪಿಗೂ ಬರುವ ಎರಡು ವಯರುಗಳ ನಡುವೆ ಬಲ್ಬು ಹಿಡಿಯಿರಿ. ಕಣ್ಣು ಕೋರೈಸುವಂತೆ ಉರಿದರೆ ಆ ಎರಡೂ ವಯರು ಸರಿ. ಮಂಕಾಗಿ ಉರಿದರೆ, ಅಥವಾ ಹತ್ತದೇ ಹೋದರೆ, ತೊಂದರೆ ಸಿಕ್ಕಿತು. ಕೆಂಪು ವಯರಿಗೆ ಇಷ್ಟು ದೊಡ್ಡ ಬಲ್ಬು ಬೇಡ, ಪಾರ್ಕಿಂಗ್ ದೀಪದ 5 ವ್ಯಾಟ್ ಬಲ್ಬು ಸಾಕು.

ಬಲ್ಬು ಮಂಕಾಗಿದ್ದರೆ ಪ್ಲಸ್ಸಿನ ತಪ್ಪೋ ಅರ್ತಿನ ತಪ್ಪೋ ತಿಳಿಯಬೇಕಲ್ಲ. ಬಲ್ಬು ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಕಪ್ಪು ವಯರಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ ಹಿಡಿಯಿರಿ. 0.2 ವೋಲ್ಟಿಗಿಂತ ಕಡಿಮೆ ಬರಬೇಕು. ಅಲ್ಲಿ 3, 4 ವೋಲ್ಟ್ ಕಂಡರೆ ಅರ್ತ್ ಕೆಟ್ಟಿದೆ. ಕುಮಟಾದಂಥ ಕಡಲ ತೀರದ ಊರಿನಲ್ಲಿ ನಮ್ಮ ಮೊದಲ ಅನುಮಾನ ಅರ್ತಿನ ಮೇಲೆಯೇ. ಉಪ್ಪುಗಾಳಿಗೆ ಅರ್ತ್ ಬೋಲ್ಟಿನಡಿ ತುಕ್ಕು, ತಾಮ್ರದ ಮೇಲೆ ಹಸಿರು ಕಿಲುಬು ಬೇಗ ಕೂರುತ್ತದೆ. ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ಬಣ್ಣ ಮತ್ತು ತುಕ್ಕು ಉಜ್ಜಿ, ಬರಿಯ ಲೋಹ ಹೊಳೆಯುವಂತೆ ಮಾಡಿ. ವಯರಿನ ತುದಿಗೆ ಉಂಗುರದ ಲಗ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ವಯರಿನ ಸಿಪ್ಪೆ ಸುಲಿದಾಗ ಒಳಗಿನ ತಾಮ್ರ ಕಪ್ಪಗಿದ್ದರೆ ಅಲ್ಲೇ ಜೋಡಿಸಬೇಡಿ, ಕೆಂಪಗೆ ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಕತ್ತರಿಸುತ್ತಾ ಹೋಗಿ.

ಅರ್ತ್ ಕೆಟ್ಟಿರುವುದಕ್ಕೆ ಇನ್ನೊಂದು ಗುರುತಿದೆ. ಆಂಟೆನಾ ವಯರಿನ ಹೊರಜಾಲರಿ ಕೂಡ ಸೆಟ್ಟಿನ ಬಾಡಿಗೆ ತಾಗಿರುತ್ತದೆ. ಕಪ್ಪು ವಯರು ಕಡಿದಿದ್ದರೂ ಸೆಟ್ ಆ ಜಾಲರಿಯ ಮೂಲಕ ಹೇಗೋ ನಡೆಯುತ್ತಿರುತ್ತದೆ, ಆಂಟೆನಾ ಪ್ಲಗ್ ಕಿತ್ತ ಕೂಡಲೇ ಆಫ್ ಆಗುತ್ತದೆ. ಹಾಗಾದರೆ ಕಪ್ಪು ವಯರನ್ನೇ ಹಿಡಿದು ಹೊರಡಿ.

ಹುಬ್ಬಳ್ಳಿಯ ಓದುಗರು

ಪ್ರಶ್ನೆ: ಸ್ಟೀರಿಯೊ ಫ್ಯೂಸ್ ಹಾಕಿದಂತೆಲ್ಲ ಹೋಗುತ್ತಿತ್ತು. ಮೂರು ಸಲ 10 ಆಂಪಿಯರ್ ಹಾಕಿ ಸೋತ ಮೇಲೆ ಮೆಕ್ಯಾನಿಕ್ 30 ಆಂಪಿಯರಿನದು ಹಾಕಿಕೊಟ್ಟರು. ಅದು ಹೋಗಿಲ್ಲ, ಆದರೆ ಸೆಟ್ಟೂ ಆನ್ ಆಗಿಲ್ಲ. ಹೀಗೇ ಓಡಿಸಬಹುದೇ?

ಉತ್ತರ: ಬೇಡ. ಈ ಪತ್ರಿಕೆ ಪಕ್ಕಕ್ಕಿಟ್ಟು ಮೊದಲು ಹೋಗಿ ಆ ಫ್ಯೂಸ್ ಕಿತ್ತು ಬನ್ನಿ. ಫ್ಯೂಸ್ ಇರುವುದು ಸೆಟ್ ಕಾಯುವುದಕ್ಕಲ್ಲ, ಡ್ಯಾಶ್‌ಬೋರ್ಡಿನ ಒಳಗೆ ಹೋಗಿರುವ ತೆಳು ವಯರು ಕಾಯುವುದಕ್ಕೆ. 10 ಆಂಪಿಯರಿಗೆಂದು ಎಳೆದ ವಯರಿನಲ್ಲಿ 25 ಆಂಪಿಯರ್ ಹರಿದರೆ ಫ್ಯೂಸ್ ತಣ್ಣಗೆ ಕೂತಿರುತ್ತದೆ, ಪ್ಲಾಸ್ಟಿಕ್ ಹೊದಿಕೆ ಕರಗಿ ಪಕ್ಕದ ವಯರುಗಳಿಗೂ ಅಂಟಿಕೊಳ್ಳುತ್ತದೆ. ಕಾರಿಗೆ ಬೆಂಕಿ ಹೀಗೂ ಹತ್ತುತ್ತದೆ. ಬೆಳ್ಳಿಕಾಗದ ಸುತ್ತಿ ಹಾಕುವುದೂ ಇದೇ ಅಪಾಯ.

ಶಾರ್ಟ್ ಹುಡುಕಲು ಫ್ಯೂಸ್ ಡಬ್ಬಿ ಖಾಲಿ ಮಾಡಬೇಕಾಗಿಲ್ಲ. ಹಿಂದೆ ಹೇಳಿದ 21 ವ್ಯಾಟ್ ಬಲ್ಬನ್ನೇ ಫ್ಯೂಸಿನ ಜಾಗಕ್ಕೆ ಹಾಕಿ. ಸುಟ್ಟ ಫ್ಯೂಸಿನ ಎರಡು ಕಾಲಿಗೆ ಬಲ್ಬಿನ ವಯರು ಬೆಸೆದರೆ ಪೆಟ್ಟಿಗೆಯಲ್ಲಿ ಚೆನ್ನಾಗಿ ಕೂರುತ್ತದೆ. ಶಾರ್ಟ್ ಇರುವ ತನಕ ಬಲ್ಬು ಪೂರ್ತಿ ಉರಿಯುತ್ತದೆ. ಈಗ ಸೆಟ್ಟಿನ ಕಪ್ಲರ್ ಎಳೆಯಿರಿ. ಆಮೇಲೂ ಬಲ್ಬು ಹಾಗೇ ಉರಿಯುತ್ತಿದ್ದರೆ ತಪ್ಪು ಕಾರಿನ ವಯರಿಂಗ್‌ನದು. ಛಾವಣಿ ದೀಪ ಅದೇ ಫ್ಯೂಸಿನಲ್ಲಿದ್ದರೆ ಅದನ್ನು ಆಫ್ ಮಾಡಿಕೊಂಡಿರಿ, ಇಲ್ಲದಿದ್ದರೆ ಅದರ ಕರೆಂಟಿಗೇ ಬಲ್ಬು ಮಿಣುಕಿ ದಾರಿ ತಪ್ಪಿಸುತ್ತದೆ. ವಯರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಿಸುತ್ತಾ ಹೋಗಿ, ಬಲ್ಬು ಆರುವ ಜಾಗದಲ್ಲೇ ಸಿಪ್ಪೆ ಹರಿದಿರುತ್ತದೆ. ಸೆಟ್ ಕೂರಿಸುವ ಲೋಹದ ಚೌಕಟ್ಟಿನ ಹರಿತ ಅಂಚು, ಗ್ಲೋವ್‌ಬಾಕ್ಸ್ ಹಿಂದಿನ ಮೂಲೆ, ಬಾಗಿಲಿನ ಸಂದು, ಈ ಮೂರು ಜಾಗ ಮೊದಲು ನೋಡಿ. ಮಳೆಗಾಲದಲ್ಲಿ ಕಾರು ಹೊರಗೆ ನಿಲ್ಲಿಸುವವರು ಇಲಿ ಕಡಿದ ಗುರುತನ್ನೂ ಹುಡುಕಬೇಕು.

ಕಪ್ಲರ್ ಎಳೆದ ಕೂಡಲೇ ಬಲ್ಬು ಆರಿದರೆ ತಪ್ಪು ಸೆಟ್ಟಿನೊಳಗೆ ಅಥವಾ ಸ್ಪೀಕರ್ ಕಡೆಗೆ. ಸ್ಪೀಕರ್ ಕಪ್ಲರ್ ಬಿಟ್ಟು ಪವರ್ ಕಪ್ಲರ್ ಮಾತ್ರ ಚುಚ್ಚಿ ನೋಡಿ. ಕೀ ಆಫ್ ಇದ್ದಾಗಲೇ ಬಲ್ಬು ಪೂರ್ತಿ ಉರಿದರೆ ಸೆಟ್ ಬಿಚ್ಚಲೇಬೇಕು. ಹಲವು ಸೆಟ್‌ಗಳಲ್ಲಿ ಹಳದಿ ಮತ್ತು ಕಪ್ಪು ವಯರಿನ ನಡುವೆ ಒಂದು ರಕ್ಷಣೆಯ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುತ್ತದೆ. ಬ್ಯಾಟರಿ ಉಲ್ಟಾ ಕೊಟ್ಟಾಗ ಅದು ತಾನು ಶಾರ್ಟ್ ಆಗಿ ಫ್ಯೂಸ್ ಸುಟ್ಟು ಉಳಿದದ್ದನ್ನು ಕಾಪಾಡುತ್ತದೆ. ಸೆಟ್ಟಿನ ಹಳದಿ ಮತ್ತು ಕಪ್ಪು ವಯರಿಗೆ ಮೀಟರನ್ನು ಓಮಿನಲ್ಲಿ ಹಿಡಿದು, ಕಡ್ಡಿ ಅದಲು ಬದಲು ಮಾಡಿದರೂ ಸೊನ್ನೆಯ ಹತ್ತಿರವೇ ಬಂದರೆ ಡಯೋಡ್ ಹೋಗಿರಬಹುದು. ಅದು ಕೆಲವೇ ರೂಪಾಯಿಯ ಬಿಡಿಭಾಗ, ಟಿವಿ ರಿಪೇರಿ ಮಾಡುವವರೂ ಬದಲಿಸಿಕೊಡುತ್ತಾರೆ. ಡಯೋಡ್ ಸರಿಯಿದ್ದರೆ ಆಂಪ್ಲಿಫೈಯರ್ ಐಸಿ, ಅಂದರೆ ಸ್ಪೀಕರುಗಳನ್ನು ನಡೆಸುವ ಚಿಪ್, ಶಾರ್ಟ್ ಆಗಿರುತ್ತದೆ. ಅದಕ್ಕೆ ಹಳದಿ ವಯರಿನಿಂದ ಸದಾ ಕರೆಂಟ್ ಇರುವುದರಿಂದಲೇ ಕೀ ಆಫ್ ಇದ್ದರೂ ಫ್ಯೂಸ್ ಹೋಗುವುದು. ಐಸಿ ಬದಲಿಸುವ ಮುನ್ನ ಅದು ಯಾಕೆ ಹೋಯಿತೆಂದು ನೋಡಿ. ಸ್ಪೀಕರಿನ ಮೈನಸ್ ವಯರನ್ನು ಯಾರಾದರೂ ಬಾಡಿಗೆ ಅರ್ತ್ ಮಾಡಿರಬಹುದು. ಇಂದಿನ ಸೆಟ್‌ಗಳಲ್ಲಿ ಸ್ಪೀಕರಿನ ಎರಡೂ ವಯರಿನಲ್ಲಿ ಸುಮಾರು 6 ವೋಲ್ಟ್ ಇರುತ್ತದೆ, ಎರಡರಲ್ಲಿ ಯಾವುದೂ ಅರ್ತ್ ಅಲ್ಲ. ಒಂದು ಸ್ಪೀಕರ್ ವಯರು ಬಾಗಿಲಿನ ತಗಡಿಗೆ ತಾಗಿದರೂ ಸಾಕು, ಒಳ್ಳೆಯ ಸೆಟ್ ಆನ್ ಆದ ಹಾಗೆ ಮಾಡಿ ತನ್ನಷ್ಟಕ್ಕೆ ಆಫ್ ಆಗುತ್ತದೆ, ಸಾಧಾರಣ ಸೆಟ್ಟಿನ ಐಸಿಯೇ ಹೋಗುತ್ತದೆ.

ತುಮಕೂರಿನ ಓದುಗರು

ಪ್ರಶ್ನೆ: ಆನ್ ಆಗದಿದ್ದ ಸೆಟ್ಟಿಗೆ ಕೆಂಪು, ಹಳದಿ ವಯರು ಎರಡನ್ನೂ ಸೇರಿಸಿ ಕಟ್ಟಿದರು. ಈಗ ಸೆಟ್ ಆನ್ ಆಗುತ್ತದೆ, ಆದರೆ ಎರಡು ದಿನಕ್ಕೊಮ್ಮೆ ಬ್ಯಾಟರಿ ಇಳಿದಿರುತ್ತದೆ.

ಉತ್ತರ: ಕೆಂಪಿಗೂ ಸದಾ ಕರೆಂಟ್ ಕೊಟ್ಟಿದ್ದರಿಂದ ಕೀ ತೆಗೆದಿರುವುದು ಸೆಟ್ಟಿಗೆ ಗೊತ್ತೇ ಆಗುವುದಿಲ್ಲ. ಪರದೆ ಕತ್ತಲಾಗಿದ್ದರೂ ಒಳಗೆ ಎಚ್ಚರವಾಗಿರುತ್ತದೆ. ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್ ಅವರ್ ಖರ್ಚು. ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಎರಡು ದಿನಕ್ಕೆ ಸೆಲ್ಫ್ ಹೊಡೆಯಲಾರದ ಸ್ಥಿತಿಗೆ ಬರುತ್ತದೆ. ಕೆಂಪು ವಯರನ್ನು ಬಿಡಿಸಿ, ಎಸಿಸಿ ಫ್ಯೂಸ್ ನೋಡಿ. ಮೂಲ ತೊಂದರೆ ಅಲ್ಲೇ ಇದ್ದಿರಬೇಕು. ಆ ವಯರು ಒಳಗೆಲ್ಲೋ ಕಡಿದಿದ್ದು ಸಿಗದಿದ್ದರೆ, ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಇರುವ ಬೇರೊಂದು ಫ್ಯೂಸಿನಿಂದ ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಲ್ಲಿ ಕೂತು ಇನ್ನೊಂದು ವಯರಿಗೂ ಕರೆಂಟ್ ಕೊಡುವ ಕವಲು) ಹಾಕಿ ಹೊಸ ವಯರು ಎಳೆಸಿ. ಟ್ಯಾಪಿನಲ್ಲೂ ಅದರದೇ ಒಂದು ಫ್ಯೂಸ್ ಇರಲಿ. ಏರ್‌ಬ್ಯಾಗ್, ಎಬಿಎಸ್ ಬ್ರೇಕ್, ಇಂಜಿನ್ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಫ್ಯೂಸುಗಳಿಗೆ ಕೈ ಹಾಕಬಾರದು.

ಆಮೇಲೆ ಅಳೆದು ಖಚಿತಪಡಿಸಿಕೊಳ್ಳಿ. ಬ್ಯಾಟರಿಯ ಮೈನಸ್ ವಯರು ಬಿಚ್ಚಿ, ವಯರಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ಜೋಡಿಸಿ, ಬಾಗಿಲು ಮುಚ್ಚಿ 20 ನಿಮಿಷ ಬಿಡಿ. 50 ಮಿಲಿಆಂಪಿಯರಿಗಿಂತ ಕಡಿಮೆ ಬರಬೇಕು. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ.

ಹೊಸಪೇಟೆಯ ಓದುಗರು

ಪ್ರಶ್ನೆ: ನಮ್ಮದು 24 ವೋಲ್ಟಿನ ಲಾರಿ. ಕಾರಿನ ಸ್ಟೀರಿಯೊವನ್ನು ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಕರೆಂಟ್ ತೆಗೆದು ಹಾಕಿದ್ದೆವು. ಒಂದು ವರ್ಷ ನಡೆಯಿತು, ಈಗ ಸೆಟ್ ಆನ್ ಆಗುವುದಿಲ್ಲ. ಒಂದು ಬ್ಯಾಟರಿಯೂ ಹೋಗಿದೆ.

ಉತ್ತರ: ಎರಡಕ್ಕೂ ಕಾರಣ ಒಂದೇ. ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿರುವಾಗ ಆಲ್ಟರ್ನೇಟರ್ ಎರಡಕ್ಕೂ ಸೇರಿ ಸುಮಾರು 28 ವೋಲ್ಟ್ ಕೊಡುತ್ತದೆ, ಯಾವುದು ಎಷ್ಟು ಇಳಿದಿದೆ ಎಂದು ನೋಡುವುದಿಲ್ಲ. ಸ್ಟೀರಿಯೊ ಒಂದರಿಂದಲೇ ಎಳೆಯುತ್ತಿದ್ದರೆ ಅದಕ್ಕೆ ಎಂದೂ ಚಾರ್ಜ್ ಪೂರ್ತಿಯಾಗದು, ಇನ್ನೊಂದಕ್ಕೆ ದಿನವೂ ಅತಿಯಾಗುತ್ತದೆ, ಅದರ ನೀರು ಬೇಗ ಬತ್ತುತ್ತದೆ. ಒಂದು ಸೋತ ಮೇಲೆ ಇನ್ನೊಂದೂ ಹಿಂದೆಯೇ ಹೋಗುತ್ತದೆ. ಮೈನಸ್ ನೇರ ಬಾಡಿಗೆ ಸೇರದ ಬ್ಯಾಟರಿಯಿಂದ ಕರೆಂಟ್ ತೆಗೆದರಂತೂ ಸೆಟ್ಟಿನ ಕಪ್ಪು ವಯರೇ ಲಾರಿಯ ಬಾಡಿಗಿಂತ 12 ವೋಲ್ಟ್ ಮೇಲಿರುತ್ತದೆ. ಆಂಟೆನಾದ ಜಾಲರಿ ಬಾಡಿಗೆ ತಾಗಿದ ಕ್ಷಣ ನೇರ ಶಾರ್ಟ್.

ಸರಿಯಾದ ದಾರಿ 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್, 10 ಆಂಪಿಯರಿಗೆ ಕಡಿಮೆಯಿಲ್ಲದ್ದು. ಸಾಮಾನ್ಯ ಸದ್ದಿನಲ್ಲಿ ಸೆಟ್ ಎಳೆಯುವುದು ಅದಕ್ಕಿಂತ ಬಹಳ ಕಡಿಮೆ, ಆದರೆ ಸದ್ದು ಏರಿಸಿದಾಗಿನ ಎಳೆತಕ್ಕೆ ಎಡೆ ಇರಬೇಕು. ಕನ್ವರ್ಟರಿಗೆ ಕರೆಂಟನ್ನು ಎರಡೂ ಬ್ಯಾಟರಿಯ ತುದಿಯಿಂದ, ಅಂದರೆ ಪೂರ್ತಿ 24 ವೋಲ್ಟಿನಿಂದ ಕೊಡಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿ. ಸೆಟ್ಟಿನ ಕೆಂಪು ವಯರನ್ನು ನೇರ ಕೀ ಸ್ವಿಚ್ಚಿಗೆ ಕಟ್ಟಬೇಡಿ, ಅಲ್ಲಿರುವುದು 24 ವೋಲ್ಟ್. ಕನ್ವರ್ಟರಿನ 12 ವೋಲ್ಟನ್ನು ಒಂದು ಸಣ್ಣ ಸ್ವಿಚ್ ಮೂಲಕ ಕೆಂಪಿಗೆ ಕೊಟ್ಟರೆ ಸಾಕು. 7812 ಎಂಬ ಮೂರು ಕಾಲಿನ ರೆಗ್ಯುಲೇಟರ್ ಹಾಕಿ ಅಗ್ಗದಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಅದರ ಮಿತಿ ಒಂದು, ಒಂದೂವರೆ ಆಂಪಿಯರ್. 1 ಆಂಪಿಯರಿಗೇ 16 ವ್ಯಾಟ್ ಬಿಸಿ ಅದರ ಮೈಯಲ್ಲಿ ಹುಟ್ಟುತ್ತದೆ. ಒಪ್ಪಬೇಡಿ.

ಹಳೆಯ ಸೆಟ್ ಎಸೆಯುವ ಮುನ್ನ ಒಂದು ಒಳ್ಳೆಯ 12 ವೋಲ್ಟ್ ಬ್ಯಾಟರಿಗೆ, 10 ಆಂಪಿಯರ್ ಫ್ಯೂಸ್ ಮಧ್ಯೆ ಹಾಕಿ, ಹಳದಿ ಮತ್ತು ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ ಕೊಟ್ಟು ನೋಡಿ. ಅದು ಆನ್ ಆಗುವ ಸಾಧ್ಯತೆ ಇದೆ. ಸೋತ ಬ್ಯಾಟರಿ ಕೊಡುವ ಕಡಿಮೆ ವೋಲ್ಟಿನಲ್ಲಿ ಒಳ್ಳೆಯ ಸೆಟ್ಟೂ ಆನ್ ಆಗದೇ ಇರಬಹುದು.

ಬೆಂಗಳೂರಿನ ಓದುಗರು

ಪ್ರಶ್ನೆ: ಯುರೋಪಿನ ಕಂಪನಿಯ ಕಾರಿಗೆ ಜೆ.ಸಿ. ರಸ್ತೆಯಲ್ಲಿ ಆಂಡ್ರಾಯ್ಡ್ ಸೆಟ್ ಕೊಂಡೆ. ನಾನೇ ಜೋಡಿಸಿದೆ. ಹಳದಿಗೆ ಕರೆಂಟ್ ಇದೆ, ಕೆಂಪಿಗೆ ಕೊಡಲು ಕೀ ಜೊತೆ ಆನ್ ಆಫ್ ಆಗುವ ವಯರೇ ಕಪ್ಲರಿನಲ್ಲಿ ಸಿಗುತ್ತಿಲ್ಲ.

ಉತ್ತರ: ನಿಮ್ಮ ಹುಡುಕಾಟದಲ್ಲಿ ತಪ್ಪಿಲ್ಲ, ಆ ವಯರು ಅಲ್ಲಿ ಇಲ್ಲವೇ ಇಲ್ಲ. ಇಂಥ ಹಲವು ಕಾರುಗಳಲ್ಲಿ ‘ಕೀ ಆನ್ ಆಯಿತು’ ಎಂಬ ಸಂದೇಶ ಕ್ಯಾನ್ ಬಸ್ ಎಂಬ ಜೋಡಿ ವಯರಿನಲ್ಲಿ ಡಿಜಿಟಲ್ ಆಗಿ ಬರುತ್ತದೆ. ನಿಮ್ಮ ಕಾರಿನ ಮಾದರಿಗೆ ಹೊಂದುವ ಕ್ಯಾನ್ ಡಿಕೋಡರ್ ಪೆಟ್ಟಿಗೆ ತನ್ನಿ. ಅದು ಸಂದೇಶ ಓದಿ ಕೆಂಪು ವಯರಿಗೆ 12 ವೋಲ್ಟ್ ಕೊಡುತ್ತದೆ. ಸೆಟ್ಟಿನ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಅದೇ ಡಿಕೋಡರ್ ಮಾದರಿ ಆಯ್ಕೆ ಮಾಡಿರಬೇಕು. ಸುಮಾರು ಎರಡೂವರೆ ವೋಲ್ಟ್ ತೋರಿಸುವ ಆ ಎರಡು ವಯರಿಗೆ ಮಾತ್ರ ಬೇರೇನನ್ನೂ ಕಟ್ಟಬೇಡಿ, ಕಾರಿನ ಉಳಿದ ಭಾಗಗಳೂ ಅದರಲ್ಲೇ ಮಾತಾಡುತ್ತಿರುತ್ತವೆ.

ಹಳೆಯ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡದ) ಕಪ್ಲರಿರುವ ಕಾರುಗಳಲ್ಲಿ 4ನೇ ಪಿನ್ ಬ್ಯಾಟರಿ, 7ನೇದು ಕೀ, 8ನೇದು ಅರ್ತ್ ಎಂಬುದು ನಿಯಮ. ಕೆಲವು ಕಾರುಗಳಲ್ಲಿ 4 ಮತ್ತು 7 ಅದಲು ಬದಲಾಗಿರುತ್ತವೆ. ಆಗ ಸೆಟ್ ಆನ್ ಆಗುತ್ತದೆ, ಆದರೆ ಪ್ರತಿ ಸಲವೂ ಸ್ಟೇಷನ್, ಗಡಿಯಾರ ಮರೆತುಬಿಡುತ್ತದೆ. ಕೆಂಪು, ಹಳದಿ ಬದಲಿಸಿ ಚುಚ್ಚಿದರೆ ಸರಿಹೋಗುತ್ತದೆ.

ಶಿವಮೊಗ್ಗದ ಓದುಗರು

ಪ್ರಶ್ನೆ: ಬ್ಯಾಟರಿ ಬದಲಿಸಿದ ಮೇಲೆ ಕಂಪನಿ ಸೆಟ್ಟಿನ ಪರದೆಯಲ್ಲಿ ‘ಕೋಡ್’ ಎಂದಷ್ಟೇ ಬರುತ್ತಿದೆ, ಯಾವ ಗುಂಡಿ ಒತ್ತಿದರೂ ಕೆಲಸ ಮಾಡುವುದಿಲ್ಲ.

ಉತ್ತರ: ಸೆಟ್ ಚೆನ್ನಾಗಿದೆ, ಕಳ್ಳತನ ತಡೆಯುವ ಬೀಗ ಬಿದ್ದಿದೆ ಅಷ್ಟೇ. ಅಂದಾಜಿನ ಅಂಕಿ ಒತ್ತುತ್ತಾ ಹೋಗಬೇಡಿ. ಹಳೆಯ ಫೋಕ್ಸ್‌ವ್ಯಾಗನ್ ಸೆಟ್‌ಗಳಲ್ಲಿ ಎರಡು ಸಲ ತಪ್ಪಿದರೆ ಸೆಟ್ ಆನ್ ಇಟ್ಟೇ ಸುಮಾರು 1 ಗಂಟೆ ಕಾಯಬೇಕಾಗುತ್ತದೆ. ಮಾಲೀಕರ ಕೈಪಿಡಿಯ ಜೊತೆ ಬಂದ ಸಣ್ಣ ಕಾರ್ಡಿನಲ್ಲಿ ಕೋಡ್ ಇರುತ್ತದೆ. ಕಾರ್ಡ್ ಕಳೆದಿದ್ದರೆ ಸೆಟ್ಟಿನ ಮೈಮೇಲಿನ ಸ್ಟಿಕ್ಕರಿನ ಸೀರಿಯಲ್ ನಂಬರ್, ಕಾರಿನ ಆರ್‌ಸಿ ಹಿಡಿದು ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ. ಹೋಂಡಾದ ಕೆಲವು ಮಾದರಿಗಳಲ್ಲಿ ಅದೇ ಕಾರಿನ ಅದೇ ಸೆಟ್ ಆಗಿದ್ದರೆ ಪವರ್ ಗುಂಡಿಯನ್ನು 2 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಒತ್ತಿ ಹಿಡಿದರೆ ಬೀಗ ತಾನಾಗಿ ತೆರೆಯುತ್ತದೆ.

ಮಂಡ್ಯದ ಓದುಗರು

ಪ್ರಶ್ನೆ: ಮುಖ ಕಳಚುವ ಸೆಟ್. ಹೊಂಡ ಹಾರಿಸಿದಾಗ ಆಫ್ ಆಗುತ್ತದೆ, ಕೆಲವೊಮ್ಮೆ ಆನ್ ಆಗುವುದೇ ಇಲ್ಲ. ಮೇಲೆ ಒಂದು ಏಟು ಕೊಟ್ಟರೆ ಬರುತ್ತದೆ.

ಉತ್ತರ: ಏಟು ನಿಲ್ಲಿಸಿ. ಮುಖ ಕಳಚಿ ಹಿಂಬದಿಯ ಚಿನ್ನದ ಬಣ್ಣದ ಪಟ್ಟಿಗಳನ್ನೂ ಸೆಟ್ಟಿನ ಕಡೆಯ ಸ್ಪ್ರಿಂಗ್ ಪಿನ್ನುಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, 5 ನಿಮಿಷ ಒಣಗಲು ಬಿಡಿ. ಮರಳು ಕಾಗದ, ಬ್ಲೇಡು ಮುಟ್ಟಿಸಬೇಡಿ, ಮೇಲಿನ ತೆಳು ಲೇಪ ಹೋದರೆ ಮತ್ತೆ ಕಿಲುಬು ಹಿಡಿಯುತ್ತದೆ. ಪಿನ್ನುಗಳಲ್ಲಿ ಒಂದು ಒಳಗೆ ಸಿಕ್ಕಿಕೊಂಡು ಮೇಲೆ ಬಾರದಿದ್ದರೆ ಸೂಜಿಯ ತುದಿಯಿಂದ ಮೆಲ್ಲಗೆ ಅಲ್ಲಾಡಿಸಿ. ಆಮೇಲೂ ಹೊಂಡದಲ್ಲಿ ಆಫ್ ಆದರೆ ಮುಖದ ತೊಂದರೆಯಲ್ಲ, ಸೆಟ್ಟಿನ ಹಿಂದಿನ ಪವರ್ ಕಪ್ಲರ್ ಸಡಿಲವಾಗಿದೆ. ಸೆಟ್ ಆನ್ ಇಟ್ಟು ಒಂದೊಂದೇ ವಯರನ್ನು ಕಪ್ಲರಿನ ಬುಡದಲ್ಲಿ ಹಿಡಿದು ಅಲುಗಿಸಿ. ಆಫ್ ಆಗುವ ವಯರಿನ ಹೆಣ್ಣು ಟರ್ಮಿನಲನ್ನು ಕಪ್ಲರಿನಿಂದ ಹೊರತೆಗೆದು, ಸಣ್ಣ ಇಕ್ಕಳದಿಂದ ತುಸುವೇ ಬಿಗಿ ಮಾಡಿ, ಟಕ್ ಎಂಬ ಸದ್ದು ಕೇಳುವ ತನಕ ಒಳಗೆ ತಳ್ಳಿ.